ಕಬ್ಬಿನೊಳಗೆ ಬಿದ್ದ ಗ್ಲೈಡರಿಗೆ ಬಜರ್: ಕೊಳ್ಳಬಹುದೇ?

ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗಾವಿ ಸುತ್ತ ಕಬ್ಬು ಆಳೆತ್ತರ ದಾಟಿ ನಿಂತಿರುತ್ತದೆ. ಥರ್ಮಲ್ (ಮೇಲೇಳುವ ಬಿಸಿಗಾಳಿ) ಸ್ಪರ್ಧೆಯಲ್ಲಿ ಅದರೊಳಗೆ ಬಿದ್ದ ಆರ್‌ಸಿ ಗ್ಲೈಡರ್, ಅಂದರೆ ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನ, ಐದು ಹೆಜ್ಜೆ ಆಚೆಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹುಡುಕಲು ಸಿಗುವ, ಕೂಗಿ ಜಾಗ ತಿಳಿಸುವ ಬಜರುಗಳಲ್ಲಿ ಎರಡು ಬಗೆ. ರಿಸೀವರಿನ (ಗ್ಲೈಡರಿನೊಳಗೆ ರಿಮೋಟಿನ ಸಿಗ್ನಲ್ ಹಿಡಿಯುವ ಸಾಧನ) ಬ್ಯಾಟರಿಯಿಂದಲೇ ಓಡುವುದು ಒಂದು, ಒಳಗೇ ಪುಟ್ಟ ಲಿಪೋ (ಲಿಥಿಯಂ ಪಾಲಿಮರ್) ಸೆಲ್ ಇರುವುದು ಇನ್ನೊಂದು. ಮೊದಲನೆಯದಕ್ಕೆ ದುಡ್ಡು ಹಾಕಬೇಡಿ. ಮೂಗು ಕುಟ್ಟಿ ಬಿದ್ದಾಗ ಬ್ಯಾಟರಿ ಪ್ಲಗ್ ಕಳಚಿಕೊಂಡರೆ ಬಜರೂ ಸತ್ತಂತೆ. ಎರಡನೆಯದು ಕರೆಂಟ್ ತಪ್ಪಿದ ಮೇಲೂ ಕೂಗುತ್ತದೆ.

ಆದರೆ ಎಷ್ಟು ದೂರಕ್ಕೆ? ಡಬ್ಬಿಯ ಮೇಲೆ 100 ಡೆಸಿಬಲ್ ಎಂದಿದ್ದರೆ ಎಷ್ಟು ದೂರದಲ್ಲಿ ಅಳೆದದ್ದು ಎಂಬುದನ್ನೂ ನೋಡಿ. ಬಯಲಲ್ಲೂ ದೂರ ಹತ್ತು ಪಟ್ಟಾದರೆ 20 ಡೆಸಿಬಲ್ ಇಳಿಯುತ್ತದೆ. 10 ಸೆಂ.ಮೀ.ಗೆ 100 ಇದ್ದದ್ದು 10 ಮೀಟರಿಗೆ 60, 100 ಮೀಟರಿಗೆ 40. ಗಾಳಿಗೆ ಕಬ್ಬಿನ ಗರಿ ಸರಸರ ಎನ್ನುವಾಗ ಆ 40 ಕಿವಿಗೆ ಬೀಳದು, ಕೀರಲು ದನಿಯನ್ನು ಎಲೆಗಳು ಇನ್ನಷ್ಟು ನುಂಗುತ್ತವೆ. ಬೆಳೆದ ಕಬ್ಬಿನಲ್ಲಿ 30 ಮೀಟರಿಗಿಂತ ಹೆಚ್ಚು ನಂಬಬೇಡಿ.

ಆ 30 ಮೀಟರಿನ ತನಕ ಕರೆದೊಯ್ಯುವುದು ದಿಕ್ಕು. ಸೆಕೆಂಡಿಗೆ 4 ಮೀಟರ್ ಗಾಳಿಯಿದ್ದರೆ ಥರ್ಮಲ್ ಜತೆ ತಿರುಗುವ ಗ್ಲೈಡರ್ 10 ನಿಮಿಷದಲ್ಲಿ 2.4 ಕಿ.ಮೀ. ತೇಲಿಹೋಗುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಗಾಳಿಗೆದುರು ಹಾರಿದರೂ ಗಾಳಿಯ 4 ಕಳೆದು 4 ಮಾತ್ರ ಉಳಿಯುವುದರಿಂದ ಮರಳಲು ಮತ್ತೆ 10 ನಿಮಿಷ ಬೇಕು. ಸೆಕೆಂಡಿಗೆ ಅರ್ಧ ಮೀಟರ್ ಇಳಿದರೂ 300 ಮೀಟರ್ ಎತ್ತರ ಅಷ್ಟಕ್ಕೇ ಖರ್ಚು. ಗ್ಲೈಡರ್ ಕಳೆಯುವುದು ಹೆಚ್ಚಾಗಿ ಈ ಲೆಕ್ಕ ತಪ್ಪಿದಾಗಲೇ. ಮರೆಯಾದ ಕ್ಷಣ ನಿಂತ ಜಾಗ ಬಿಟ್ಟು ಕದಲಬೇಡಿ. ಗ್ಲೈಡರಿನ ನೇರಕ್ಕೆ ದೂರದ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತು ಹಿಡಿದು, ಫೋನಿನ ಕಂಪಾಸಿನಲ್ಲಿ ಡಿಗ್ರಿ ಬರೆದುಕೊಳ್ಳಿ. ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಆಫ್ ಮಾಡದೆ ಹಿಡಿದು ನಡೆಯಿರಿ. ಗ್ಲೈಡರಿನಿಂದ ರಿಮೋಟಿಗೆ ಮಾಹಿತಿ ಕಳಿಸುವ ಟೆಲಿಮೆಟ್ರಿ ಇದ್ದರೆ ಸಿಗ್ನಲ್ ಏರುವ ಕಡೆಗೆ ಹೋಗಿ.

ಬಜರ್ ಜೋಡಿಸುವಾಗ ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡಬೇಕೆಂಬ ಸೆಟ್ಟಿಂಗ್) ನೋಡಲೇಬೇಕು. ಅದು 'ಹೋಲ್ಡ್'ನಲ್ಲಿದ್ದರೆ ಸಿಗ್ನಲ್ ಹೋದರೂ ರಿಸೀವರ್ ಹಳೆಯ ಪಲ್ಸನ್ನೇ (ಸೂಚನೆಯ ಮಿಡಿತ) ಕಳಿಸುತ್ತಿರುತ್ತದೆ, ಬಜರಿಗೆ ಸುದ್ದಿಯೇ ತಲುಪುವುದಿಲ್ಲ. ಬಜರಿನ ಚಾನೆಲ್ಲಿಗೆ 'ನೋ ಪಲ್ಸ್' ಅಥವಾ ಕೂಗುವ ಸ್ಥಾನ ಕೊಡಿ. ರಡ್ಡರಿಗೆ (ಬಾಲದ ಚುಕ್ಕಾಣಿ) ಸಣ್ಣ ತಿರುವು, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಕೆಳಗೆ ಎಂದು ಹಾಕಿದರೆ ಗ್ಲೈಡರ್ ಹೆಚ್ಚು ದೂರ ತೇಲದೆ ಇಳಿಯುತ್ತದೆ.

ಕೈಯಿಂದ ಎಸೆಯುವ 1.5 ಮೀಟರ್ ಗ್ಲೈಡರುಗಳಲ್ಲಿ ಅನೇಕವು ಒಂದೇ ಲಿಪೋ ಸೆಲ್ಲಿನಿಂದ ಓಡುತ್ತವೆ. 5 ವೋಲ್ಟ್ ಕೇಳುವ ಬಜರಿನ ಒಳಸೆಲ್ ಅಲ್ಲಿ ಪೂರ್ತಿ ತುಂಬದು, ಹಿಂದಿನ ರಾತ್ರಿಯೇ ಬೇರೆಯಾಗಿ ಚಾರ್ಜ್ ಮಾಡಿ. ಕಾರ್ಬನ್ ಮೈಯಾದರೆ ಬಜರಿನ ಬಾಯಿಗೆ ಸರಿಯಾಗಿ ತೂತು ಬಿಡಿ. ಮೇಲೆ ಟೇಪ್ ಅಂಟಿಸಿದರೆ ದನಿ ಸಾಯುತ್ತದೆ. ಪ್ರತಿ ಸಲ ಬ್ಯಾಟರಿ ತೆಗೆದಾಗ ಕೂಗಿ ತಲೆ ತಿನ್ನುತ್ತದೆಂದು ಬಜರನ್ನೇ ಬಿಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಗುಂಡಿ ಒತ್ತಿ ಸುಮ್ಮನಾಗಿಸಿದರೆ ಸಾಕು.

ನನ್ನ ಮಟ್ಟಿಗೆ ಒಳಸೆಲ್ಲಿನ ಬಜರ್ ಹಾಕಿದ ದುಡ್ಡಿಗೆ ಮೋಸವಿಲ್ಲ. ಮೂರು ಮೀಟರಿನ ಆಸುಪಾಸಿನ ಗ್ಲೈಡರಾದರೆ ಜಿಪಿಎಸ್ ಟೆಲಿಮೆಟ್ರಿಯೂ ಇರಲಿ.

ಹುಡುಕಲು ಗಾಳಿ ಇಳಿದ ಸಂಜೆಯೇ ಸರಿಯಾದ ಹೊತ್ತು. ಹೊಲದವರನ್ನು ಕೇಳಿ, ತುಂಬುತೋಳಿನ ಅಂಗಿ ಹಾಕಿ, ಸಾಲು ಮುರಿಯದೆ ಸಾಲಿನುದ್ದಕ್ಕೇ ನಡೆಯಿರಿ. ಸಿಕ್ಕ ಕೂಡಲೇ ಬ್ಯಾಟರಿ ಮುಟ್ಟಿ ನೋಡಿ. ಉಬ್ಬಿದ್ದರೆ ಬೆಂಕಿ ಹೊತ್ತಬಹುದು, ಅದನ್ನು ಒಣ ರವದಿಯ (ಕಬ್ಬಿನ ಒಣಗರಿ) ಮೇಲೆ ಇಡದೆ, ಬದುವಿನ ಬರಿಮಣ್ಣಿಗೆ ಒಯ್ಯಿರಿ.