ವರ್ಡ್‌ಪ್ರೆಸ್‌ನಲ್ಲಿ ಯಕ್ಷಗಾನ ಪದ್ಯಗಳು: ವರ್ಷಗಟ್ಟಲೆ ಬಳಸಿದ ಮೇಲೆ

ಉಡುಪಿಯ ನಮ್ಮ ಯಕ್ಷಗಾನ ಸಂಘದ ಪ್ರಸಂಗ ಪದ್ಯಗಳೆಲ್ಲ ಇರುವುದು ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್) ಸೈಟಿನಲ್ಲಿ. ಹಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಪದ್ಯ ಹಾಕುವವರಿಗೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಆದರೆ ಥೀಮ್, ಅಂದರೆ ಸೈಟಿನ ರೂಪ ನಿರ್ಧರಿಸುವ ಫೈಲುಗಳ ಕಟ್ಟು, ಆರಿಸುವಾಗ ಹುಷಾರು.

ಭಾಮಿನಿ ಷಟ್ಪದಿಗೆ ಆರು ಸಾಲು. 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6 ಉದ್ದ. ಆರೂ ಒಟ್ಟಿಗೆ ಕಂಡರೇ ಹಾಡುವವರಿಗೆ ಅನುಕೂಲ. ಹೊಸ ಥೀಮ್ ಹಾಕಿದ ಮೇಲೆ ಪ್ರತಿ ಸಾಲಿನ ಕೆಳಗೂ ಒಂದು ಖಾಲಿ ಸಾಲು ಬಂತು, ಒಂದು ಪದ್ಯ ಮೊಬೈಲಿನ ಒಂದು ಸ್ಕ್ರೀನಿನಲ್ಲಿ ಹಿಡಿಸಲೇ ಇಲ್ಲ. "ಹೀಗಾದ್ರೆ ನೋಡಿ ಹಾಡುವುದು ಹೇಗೆ ಮಾರಾಯ್ರೆ" ಅಂತ ಭಾಗವತರು ಫೋನ್ ಮಾಡಿದರು.

ಎಡಿಟರಿನಲ್ಲಿ ಪದ್ಯ ಸರಿಯಾಗಿಯೇ ಇತ್ತು. ಹಳೆ ಎಡಿಟರಿನಲ್ಲಿ ಎಂಟರ್ ಒತ್ತಿದರೆ ಪದ್ಯ ಉಳಿಯುವ ಡೇಟಾಬೇಸಿಗೆ ಟ್ಯಾಗ್ (ಪುಟ ಹೇಗೆ ಕಾಣಬೇಕೆಂದು ಬ್ರೌಸರಿಗೆ ಹೇಳುವ ಗುರುತು) ಹೋಗುವುದಿಲ್ಲ. ಪುಟ ಕಳಿಸುವ ಹೊತ್ತಿಗೆ ಸರ್ವರಿನಲ್ಲಿ ಡಬ್ಲ್ಯುಪಿಆಟೋಪಿ ಎಂಬ ಫಂಕ್ಷನ್ ಒಂದು ಎಂಟರ್ ಇದ್ದಲ್ಲಿ ಸಾಲು ಮುರಿಯುವ ಬಿಆರ್ ಟ್ಯಾಗನ್ನೂ, ಖಾಲಿ ಸಾಲು ಇದ್ದಲ್ಲಿ ಪ್ಯಾರಾ ಮಾಡುವ ಪಿ ಟ್ಯಾಗನ್ನೂ ಸೇರಿಸುತ್ತದೆ. ಇಂಥದ್ದು ಹುಡುಕುವಾಗ ಬ್ರೌಸರಿನ ಇನ್‌ಸ್ಪೆಕ್ಟ್ ನಂಬಬೇಡಿ, ಅದು ಬ್ರೌಸರ್ ತನಗೆ ಬೇಕಾದಂತೆ ಸರಿಮಾಡಿಕೊಂಡದ್ದನ್ನು ತೋರಿಸುತ್ತದೆ. ಕಂಟ್ರೋಲ್ ಯು ಒತ್ತಿ, ಸರ್ವರ್ ಕಳಿಸಿದ್ದು ಹಾಗೇ ಕಾಣುತ್ತದೆ. ನಮ್ಮಲ್ಲಿ ಪ್ರತಿ ಸಾಲಿನ ಕೊನೆಗೆ ಎರಡೆರಡು ಬಿಆರ್ ಇತ್ತು, ಒಂದು ಪಿ ಮುಗಿದು ಇನ್ನೊಂದು ಶುರುವಾಗುವ ನಡುವೆಯೂ ಒಂದು ಬಿಆರ್! ಅಲ್ಲಿಗೇ ಅರ್ಥವಾಯಿತು. ವರ್ಡ್‌ಪ್ರೆಸ್ ತನ್ನ ಕೆಲಸ ಮುಗಿಸಿದ ಮೇಲೆ ಯಾರೋ ಪಿಎಚ್‌ಪಿ ಭಾಷೆಯ ಎನ್‌ಎಲ್‌ಟುಬಿಆರ್ ಫಂಕ್ಷನ್ ಓಡಿಸುತ್ತಿದ್ದಾರೆ. ಅದು ಕಂಡ ಕಂಡ ಸಾಲಿನ ಕೊನೆಗೆಲ್ಲ ಬಿಆರ್ ಹಾಕುತ್ತದೆ, ಮೊದಲೇ ಉಂಟಾ ಅಂತ ನೋಡುವುದಿಲ್ಲ. ವರ್ಡ್‌ಪ್ರೆಸ್ ಜೊತೆ ಬರುವ ಥೀಮ್ ಹಾಕಿ ನೋಡಿದೆ, ತೊಂದರೆ ಹೋಯಿತು. ಥೀಮಿನ ಫೈಲುಗಳಲ್ಲಿ ಹುಡುಕಿದರೆ ಅದೇ ಫಂಕ್ಷನ್ ಸಿಕ್ಕಿತು. ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ಬದಲಾವಣೆ ಹಾಕುವ ಉಪಥೀಮ್) ಮಾಡಿ ಆ ಫಂಕ್ಷನ್ ತೆಗೆದೆ.

ಕೆಲವರು ಸೀದಾ ಡಬ್ಲ್ಯುಪಿಆಟೋಪಿಯನ್ನೇ ನಿಲ್ಲಿಸಲು ಹೇಳುತ್ತಾರೆ. ಬೇಡವೇ ಬೇಡ, ಹಳೆ ಪದ್ಯಗಳೆಲ್ಲ ಕೂಡಿಕೊಂಡು ಒಂದೇ ಪ್ಯಾರಾ ಆಗುತ್ತವೆ. ಇನ್ನು ಪರದೆಯ ಮೇಲೆ ಬಿಆರ್ ಅಂತ ಅಕ್ಷರವೇ ಕಾಣುತ್ತಿದ್ದರೆ ಅದು ಬೇರೆ ಕಥೆ: ಟ್ಯಾಗ್ ಸೇರಿಸಿದ ಮೇಲೆ ಎಸ್ಕೇಪ್ (ಟ್ಯಾಗ್ ಬರೀ ಅಕ್ಷರವಾಗಿ ಕಾಣುವಂತೆ ಬದಲಿಸುವುದು) ಮಾಡಿರುತ್ತಾರೆ. ಮೊದಲು ಎಸ್ಕೇಪ್, ಆಮೇಲೆ ಬಿಆರ್, ಇದೇ ಸರಿಯಾದ ಕ್ರಮ.

ನನಗೆ ಇಷ್ಟವಾದದ್ದು ಇದೇ. ಇಷ್ಟೆಲ್ಲ ಗೊಂದಲದಲ್ಲೂ ಡೇಟಾಬೇಸಿನ ಪದ್ಯಕ್ಕೆ ಏನೂ ಆಗಲಿಲ್ಲ. ನೂರಾರು ಪುಟ ಕೈಯಲ್ಲಿ ತಿದ್ದುವ ಕೆಲಸ ತಪ್ಪಿತು. 2018ರ 5.0 ಆವೃತ್ತಿಯಲ್ಲಿ ಬಂದ ಬ್ಲಾಕ್ ಎಡಿಟರಿನಲ್ಲಿ ಪದ್ಯಕ್ಕೆಂದೇ ವರ್ಸ್ ಬ್ಲಾಕ್ ಉಂಟು, ಅದರಲ್ಲಿ ಸಾಲು, ಜಾಗ ಎಲ್ಲ ಬರೆದ ಹಾಗೇ ಉಳಿಯುತ್ತದೆ. ಹೊಸ ಪ್ರಸಂಗಗಳು ಈಗ ಅದರಲ್ಲೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ದುಡ್ಡು ಕೊಟ್ಟು ಥೀಮ್ ತೆಗೆದುಕೊಂಡರೆ ಸೀದಾ ಸೈಟಿಗೆ ಹಾಕಬೇಡಿ, ಮೊದಲು ಟೆಸ್ಟ್ ಸೈಟಿನಲ್ಲಿ ಒಂದು ಷಟ್ಪದಿ ಅಂಟಿಸಿ ಕಂಟ್ರೋಲ್ ಯು ಒತ್ತಿ ನೋಡಿ.