ಆರು ವರ್ಷಗಳ ಬಳಕೆಯ ನಂತರ: ‘ವರ್ಲ್ಡ್ ಕಪ್ ಸಾಕರ್’ ಪಿನ್‌ಬಾಲ್

ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡನ್ನು ಚಿಮ್ಮಿಸಿ ಅಂಕ ಗಳಿಸುವ ಆಟವೇ ಪಿನ್‌ಬಾಲ್. ಬ್ಯಾಲಿ ಕಂಪನಿಯ 1994ರ ‘ವರ್ಲ್ಡ್ ಕಪ್ ಸಾಕರ್’ ಪಿನ್‌ಬಾಲ್ ಯಂತ್ರವು ಷಿಕಾಗೊ ಹೊರವಲಯದ ನಮ್ಮ ಮನೆಯ ನೆಲಮಾಳಿಗೆಗೆ ಬಂದು ಆರು ವರ್ಷಗಳಾದವು. ಕಾರಿಗೆಂದು ಕೂಡಿಟ್ಟ ಹಣವನ್ನು ಅದಕ್ಕೆ ಸುರಿದಾಗ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಜಾನ್ ಪೊಪಡಿಯುಕ್ ಮತ್ತು ಲ್ಯಾರಿ ಡಿಮಾರ್ ವಿನ್ಯಾಸಗೊಳಿಸಿದ ಈ ಆಟದ ನಿಯಮಗಳನ್ನು ಬಲ್ಲವರು ಬಲ್ಲರು. ನನಗೆ ಹೇಳಬೇಕಿರುವುದು ಅದರ ಗೋಲ್‌ಕೀಪರನ ವಿಷಯ.

ರಾತ್ರಿ ಊಟವಾದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಗಾಜನ್ನು ಒರೆಸಿ, ಗುಂಡಿ ಒತ್ತಿ, ಒಂದೇ ಒಂದು ಆಟ ಆಡುವುದು ನನ್ನ ರೂಢಿ. ಗುಂಡನ್ನು ಚಿಮ್ಮಿಸುವ ಪುಟ್ಟ ರೆಕ್ಕೆಯಂಥ ಫ್ಲಿಪ್ಪರನ್ನು ಎತ್ತಿ, ಅದರ ಮೇಲೆ ಉಕ್ಕಿನ ಗುಂಡನ್ನು ಹಿಡಿದು ನಿಲ್ಲಿಸಿ, ಗೋಲಿನ ಮುಂದೆ ಎಡಕ್ಕೂ ಬಲಕ್ಕೂ ಸರಿದಾಡುವ ಆ ಪ್ಲಾಸ್ಟಿಕ್ ಮನುಷ್ಯ ತುದಿ ಮುಟ್ಟುವುದನ್ನೇ ಕಾಯುತ್ತೇನೆ. ಅವನಿಗೆ ಯೋಚನೆಯಿಲ್ಲ, ಮೋಸ ಗೊತ್ತಿಲ್ಲ. ಆದರೂ ಬಾಲ್ಯದಲ್ಲಿ ಗೋಲಿ ಆಡಿ ಪಳಗಿದ ನನ್ನ ಕೈ ಹತ್ತರಲ್ಲಿ ಆರು ಸಲ ಅವನ ಎದೆಗೇ ಹೊಡೆಯುತ್ತದೆ. ಪಕ್ಕದಲ್ಲಿ ಗಿರಗಿರನೆ ತಿರುಗುವ ಫುಟ್‌ಬಾಲ್ ನೋಡುವುದಕ್ಕೆ ಚೆಂದ, ಆದರೆ ಅದಕ್ಕೆ ತಗುಲಿದ ಗುಂಡು ಎತ್ತ ಹಾರುವುದೋ ಹೇಳಲಾಗದು. ಯಂತ್ರದ ಆಟದಲ್ಲಿ ಕೊನೆಯ ಪಂದ್ಯ ಜರ್ಮನಿಯ ಎದುರು. 1994ರ ವಿಶ್ವಕಪ್ಪಿಗೆ ಮೊದಲೇ ತಯಾರಾದ ಯಂತ್ರಕ್ಕೆ, 1990ರ ಆ ವಿಜೇತ ತಂಡವು ಕ್ವಾರ್ಟರ್ ಫೈನಲ್‌ನಲ್ಲೇ ಬಲ್ಗೇರಿಯಕ್ಕೆ ಸೋಲುವುದು ಹೇಗೆ ತಿಳಿದೀತು!

ನಾಲ್ಕನೆಯ ವರ್ಷ ಗೋಲ್‌ಕೀಪರ್ ಎಡತುದಿಯಲ್ಲಿ ನಿಂತವನು ಕದಲಲಿಲ್ಲ. ದುರಸ್ತಿಗೆ ಬಂದವರು ಎರಡು ಭೇಟಿಗೂ ಹಣ ಪಡೆದು ಮೋಟಾರ್ ಸರಿಯಾಗಿದೆ ಎಂದು ಹೇಳಿ ಹೋದರು. ಮೋಟಾರೇನೋ ಸರಿಯಾಗಿಯೇ ಇತ್ತು. ಆಟದ ಹಲಗೆಯನ್ನು ನಾನೇ ಎತ್ತಿ, ಟಾರ್ಚ್ ಹಿಡಿದು ಇಣುಕಿದಾಗ, ಮೋಟಾರಿನಿಂದ ಅವನವರೆಗೆ ಚಲನೆ ಒಯ್ಯುವ ತೋಳಿನ ತಿರುಪು ಸಡಿಲವಾಗಿ ಜೋತಾಡುತ್ತಿತ್ತು. ಎರಡು ಸುತ್ತು ತಿರುಗಿಸಿದೊಡನೆ ಅವನು ಮತ್ತೆ ನಡೆದಾಡಿದ. ಹಳೆಯ ಯಂತ್ರ ಕೊಳ್ಳುವವರು ಹಣದ ಜೊತೆಗೆ ಒಂದು ಸ್ಕ್ರೂಡ್ರೈವರನ್ನೂ ತೆಗೆದಿಡಬೇಕು.

ಆದರೆ ಅವನು ಕೆಟ್ಟು ನಿಂತ ಆ ವಾರದಲ್ಲಿ ಗೋಲು ಬಾಗಿಲು ತೆರೆದ ಮನೆಯಂತಾಗಿತ್ತು. ಯಂತ್ರದೊಳಗಿಂದ ಕೇಳುವ ಪ್ರೇಕ್ಷಕರ ಕೂಗು, ದೀಪಗಳ ಮಿಣುಕು ಎಲ್ಲವೂ ಎಂದಿನಂತೆಯೇ ಇದ್ದರೂ ಮಗಳು ಎರಡನೆಯ ದಿನವೇ ಮೇಲಿನ ಮನೆಗೆ ಹೊರಟುಹೋದಳು. ನನ್ನ ಅತ್ಯಧಿಕ ಅಂಕ ಬಂದದ್ದು ಅದೇ ವಾರ. ತಿರುಪು ಬಿಗಿದ ರಾತ್ರಿಯೇ ಅದನ್ನು ಅಳಿಸಿದೆ.