ಡಾಬಲ್: 55 ಕಾರ್ಡು, ಏಳು ಸೋಲು

ಇಸ್ಪೀಟು ಎಂದರೆ ನನಗೆ ನಿದ್ದೆ ಬರುತ್ತದೆ. ಮಗಳು ಡಾಬಲ್ ಎಂಬ ಚಿತ್ರದ ಕಾರ್ಡಿನ ಆಟದ ಡಬ್ಬಿ ಮುಂದಿಟ್ಟಾಗ ಸುಮ್ನೆ ಒಂದು ಆಟ ಆಡಿ ಎದ್ದುಬಿಡೋಣ ಎಂದುಕೊಂಡೆ. ಏಳು ಆಟ ಆಡಿದೆ. ಏಳರಲ್ಲೂ ಸೋತೆ.

ದುಂಡನೆಯ ತಗಡಿನ ಡಬ್ಬಿ, ಒಳಗೆ 55 ದುಂಡು ಕಾರ್ಡು. ಪ್ರತಿ ಕಾರ್ಡಿನಲ್ಲಿ 8 ಚಿತ್ರ. ಯಾವ ಎರಡು ಕಾರ್ಡು ಹಿಡಿದರೂ ಒಂದೇ ಒಂದು ಚಿತ್ರ ಎರಡರಲ್ಲೂ ಇರುತ್ತದೆ. ಅದನ್ನು ಮೊದಲು ಕಂಡು ಕೂಗಬೇಕು, ಅಷ್ಟೇ. ನನಗೆ ನಂಬಿಕೆ ಬರಲಿಲ್ಲ. ಮಕ್ಕಳು ಮಲಗಿದ ಮೇಲೆ ಒಬ್ಬಳೇ ಕೂತು 20 ಜೋಡಿ ಪರೀಕ್ಷೆ ಮಾಡಿದೆ. ಒಂದೂ ತಪ್ಪಲಿಲ್ಲ! ಇದೆಲ್ಲ ಗಣಿತದ ಕೈಚಳಕ. ಲೆಕ್ಕದ ಪ್ರಕಾರ ಇಂಥ 57 ಕಾರ್ಡು ಮಾಡಬಹುದು. ಡಬ್ಬಿಯಲ್ಲಿ ಎರಡು ಕಡಿಮೆ ಯಾಕೋ.

ಒಂದೇ ಚಿತ್ರ ಒಂದು ಕಾರ್ಡಿನಲ್ಲಿ ದೊಡ್ಡದು, ಇನ್ನೊಂದರಲ್ಲಿ ಪುಟ್ಟದು, ಮೇಲಾಗಿ ತಲೆಕೆಳಗು. ಕಣ್ಣಿಗೆ ಕಂಡರೂ ಹೆಸರು ನಾಲಿಗೆಗೆ ಬರುವುದಿಲ್ಲ. ನಾನು "ಅದು, ಅದು, ಆ ಹಸಿರು..." ಎನ್ನುವಷ್ಟರಲ್ಲಿ 6 ವರ್ಷದ ಮಗ "ಆಮೆ!" ಎಂದು ಕಾರ್ಡು ಎಳೆದುಕೊಂಡಿರುತ್ತಾನೆ. ಓದಲು ಬರಬೇಕಿಲ್ಲ ಅಲ್ವಾ, ಅವನದೇ ರಾಜ್ಯ. ನಮ್ಮತ್ತೆ ಸ್ನೋಮ್ಯಾನ್‌ಗೆ "ಬಿಳಿ ತಾತ" ಎಂದು ಕೂಗಿದರು. ಜಗಳವಾಗಿ, ಕೊನೆಗೆ ಒಪ್ಪಿಕೊಂಡೆವು.

ಇಬ್ಬರೇ ಆಡಿದರೆ ಅಷ್ಟು ರಂಗೇರುವುದಿಲ್ಲ. ನಾಲ್ಕೈದು ಜನ ಇದ್ದರೆ ಗಲಾಟೆ ಜಾಸ್ತಿ, ಮಜಾನೂ ಜಾಸ್ತಿ. ಬೆಲೆ ದೊಡ್ಡ ಬೋರ್ಡ್ ಆಟಗಳಿಗಿಂತ ಕಡಿಮೆ, ಒಂದು ಸುತ್ತಿಗೆ 15 ನಿಮಿಷ ಸಾಕು. ಉಗುರು ಕತ್ತರಿಸಿಕೊಂಡು ಕೂತುಕೊಳ್ಳಿ. ನನ್ನ ಕೈ ಮೇಲೆ ಆಗಲೇ ಎರಡು ಗೀರು ಬಿದ್ದಿವೆ.